ಓದುಗರ ಪುಟದ ಬರ್ನೀಸ್

ವೆಂಡಲ್,

ಬ್ರ್ಯಾಂಡನ್ ಲೈಬ್ರರಿಯಲ್ಲಿ ಜನರ ಮುಂದೆ ನನ್ನ ಪುಸ್ತಕ ಓದೋದಿದೆ, ಹೊರಟೆ. ಸೂಪ್ ಫ್ರಿಜ್ಜಲ್ಲಿದೆ, ಬಿಸಿ ಮಾಡ್ಕೊಂಡು ತಿನ್ನು. ಹೋದ ಸಲದ ಹಾಗೆ ನಾಯಿಗೆ ಹಾಕಿ ತಿಂದೆ ಅನ್ನಬೇಡ.

ನನ್ನ ವೆಬ್‌ಸೈಟ್ ಕಟ್ಟಿದ್ದು ನೀನು, ಸರಿಮಾಡೋನೂ ನೀನೇ. "ಪುಸ್ತಕ ಕೊಳ್ಳಿ" ಅನ್ನೋದನ್ನ ಒತ್ತಿದರೆ ಹವಾಮಾನ ವರದಿ ಬರ್ತಿದೆ. ಅದರಲ್ಲಿರೋ ನನ್ನ ಹಳೇ ಫೋಟೋನೂ ತೆಗಿ. ಅದನ್ನ ನೋಡಿಕೊಂಡು ಬಂದವರು ನನ್ನನ್ನೇ "ಲೇಖಕಿ ಇನ್ನೂ ಬಂದಿಲ್ವಾ" ಅಂತ ಕೇಳ್ತಾರೆ.

ಇನ್ನೊಂದು ವಿಷಯ. ಓದುಗರ ಪುಟದಲ್ಲಿ ಬರ್ನೀಸ್ ಅನ್ನೋಳು ಯಾರು? ಊರಿನ ಹೆಸರಿಲ್ಲ, ಬರೀ ಹೊಗಳಿಕೆ. ಕುಂಟು ಬಾತುಕೋಳಿ ಸಾಯೋ ಅಧ್ಯಾಯ ಓದಿ ಅತ್ತುಬಿಟ್ಟೆ ಅಂತ ಬರೆದಿದ್ದಾಳೆ.

ಆ ಅಧ್ಯಾಯ ಪುಸ್ತಕದಲ್ಲೇ ಇಲ್ಲವಲ್ಲ, ವೆಂಡಲ್. ಅಚ್ಚಿಗೆ ಕಳಿಸೋ ಮುಂಚೆ ಅದನ್ನ ಓದಿದೋನು ನೀನೊಬ್ಬನೇ. ಆಕಳಿಸಿಕೊಂಡು "ಇದು ಬೇಡ, ಕಿತ್ತುಹಾಕು" ಅಂದೋನೂ ನೀನೇ. ನಿನ್ನ ಮಾತು ಕೇಳಿ ಕಿತ್ತುಹಾಕಿದೆ.

ಫೋಟೋ ತೆಗೆಯೋ ಭರದಲ್ಲಿ ಬರ್ನೀಸ್‌ನೂ ತೆಗೆದುಬಿಡಬೇಡ. ಸಂಜೆ ನಾನು ಬರೋ ಹೊತ್ತಿಗೆ ಅವಳು ಮನೇಲಿರಲಿ. ಅಳು ಬಂದಿದ್ದನ್ನ ಅವತ್ತೇ ಯಾಕೆ ಹೇಳಲಿಲ್ಲ ಅಂತ ಕೇಳಬೇಕು.

ಲೊರ್ನಾ