ನಮ್ಮ ಹಿತ್ತಲಿನ ಮೂರು ಮಾತು

ರೇನರ್ಸ್ ಲೇನ್, ಹ್ಯಾರೋ
೯ ಫೆಬ್ರವರಿ ೨೦೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಸುಮಿತಣ್ಣಾ,

ಹೇಗಿದ್ದಿ? ಕೆಮ್ಮು ಇಳಿಯಿತಾ? ಹೋದ ವಾರ ಫೋನಿನಲ್ಲಿ ನಿನ್ನ ದನಿ ಒಡೆದ ತಗಡಿನ ಹಾಗೆ ಕೇಳುತ್ತಿತ್ತು. ದಿನಾ ಅಷ್ಟು ಕೂಗಿದರೆ ಗಂಟಲು ಉಳಿಯುವುದಾದರೂ ಹೇಗೆ? ಅಮ್ಮ ಕಷಾಯದ ಪುಡಿ ಕಳಿಸುತ್ತಿದ್ದಾಳೆ, ಜೊತೆಗೆ ಮಿಡಿ ಉಪ್ಪಿನಕಾಯಿ. ನಾಳೆ ಸತ್ಯನಾರಾಯಣ ಮಾಮ ನಮ್ಮ ಹೋಟೆಲಿಗೆ ಸಾಮಾನು ಕೊಳ್ಳಲು ನಿಮ್ಮ ಈಸ್ಟ್ ಹ್ಯಾಮ್ ಕಡೆ ವ್ಯಾನ್ ತರುತ್ತಾರೆ, ಅವರ ಕೈಯಲ್ಲೇ ಈ ಕಾಗದವೂ ಬರುತ್ತದೆ. ಮೆಸೇಜ್ ಮಾಡಿದರೆ ನೀನು ಒಂದು ನಗುವ ಮುಖ ಒತ್ತಿ ಮುಗಿಸಿಬಿಡುತ್ತೀ, ಅದಕ್ಕೇ ಕಾಗದ. ಅಪ್ಪನ ಸೊಂಟನೋವು ಹಾಗೇ ಇದೆ. ನಿಂತು ಕೆಲಸ ಮಾಡುವುದು ಕಡಿಮೆ ಮಾಡಿ ಎಂದು ನಮ್ಮ ಜಿಪಿ ಡಾಕ್ಟರು ಹೇಳಿದರಂತೆ. ಮನೆಗೆ ಬಂದವರೇ "ಕೂಕಂಡ್ ದ್ವಾಸೆ ಹೊಯ್ಯುಕ್ ಆತ್ತಾ ಮಾರಾಯ್ತಿ?" ಎಂದು ನನ್ನ ಮೇಲೆ ರೇಗಿದರು, ಜಿಪಿ ನಾನೇ ಎನ್ನುವ ಹಾಗೆ.

ಇನ್ನು ವಿಷಯ. ಬುಧವಾರ ನಿಮ್ಮ ಕಾಲೇಜಿನ ಹುಡುಗಿಯರಿಗೂ ನಮ್ಮ ಅಕ್ಸ್‌ಬ್ರಿಡ್ಜ್ ಕಾಲೇಜಿನವರಿಗೂ ಬಾಸ್ಕೆಟ್‌ಬಾಲ್ ಪಂದ್ಯ. ನೀನು ಅವರ ಕೋಚ್, ನಾನು ಇವರ ಆಟಗಾರ್ತಿ. ಅಮ್ಮ ಈಗಲೇ ಯಾರಿಗೆ ಚಪ್ಪಾಳೆ ತಟ್ಟಲಿ ಎಂದು ಒದ್ದಾಡುತ್ತಿದ್ದಾಳೆ. ನಮ್ಮ ಕೋಚ್ ಲಿಥುವೇನಿಯಾದ ಹೆಂಗಸು, ಬಾಯಿ ಬಿಟ್ಟು ಹೊಗಳುವ ಜನ ಅಲ್ಲ. ಅವರು ನಿಮ್ಮ ಹಿಂದಿನ ಪಂದ್ಯಗಳ ವಿಡಿಯೊ ನನ್ನ ಕೈಗೆ ಹಾಕಿ, ಇವರ ಬಲ ಏನು, ಎಲ್ಲಿ ಕುಸಿಯುತ್ತಾರೆ, ಕೂತು ನೋಡಿ ಹೇಳು ಎಂದರು. ಇಡೀ ವಾರ ಟ್ಯೂಬ್ ರೈಲಿನಲ್ಲಿ, ಊಟದ ತಟ್ಟೆಯ ಮುಂದೆ, ನಾನು ನೋಡಿದ್ದು ನಿಮ್ಮವರನ್ನೇ. ಬುಧವಾರ ಎದುರಿಗೆ ಬರುವವರ ಮುಂದೆ ಮುಚ್ಚಿಡುವುದೇನು, ನಿನಗೆ ಗೊತ್ತಿಲ್ಲದ್ದು ಅದರಲ್ಲಿ ಯಾವುದೂ ಇಲ್ಲ. ಚೆಂಡು ಕಿತ್ತುಕೊಂಡ ಮರುಕ್ಷಣ ಐವರೂ ಓಡುತ್ತಾರೆ, ಅದು ನಿಮ್ಮ ದೊಡ್ಡ ಬಲ. ಬುಟ್ಟಿಯ ಕೆಳಗೆ ನಿಲ್ಲುವ ಆ ಎತ್ತರದ ಹುಡುಗಿಯನ್ನು ಸರಿಸುವುದಕ್ಕೆ ಕೌನ್ಸಿಲ್ ಲಾರಿಯೇ ಬೇಕು. ಆದರೆ ಅವಳಿಗೆ ಫ್ರೀ ಥ್ರೋ ಕೊಟ್ಟರೆ ಗುರಿ ತಪ್ಪುತ್ತದೆ. ಎಡಗಡೆಯಿಂದ ಪಾಸ್ ಬರುವುದು ತಡ. ಮೂರನೇ ಕ್ವಾರ್ಟರ್ ಹೊತ್ತಿಗೆ ಎಲ್ಲರಿಗೂ ಸುಸ್ತು, ಆಗ ಚೆಂಡೆಲ್ಲ ಒಬ್ಬಳ ಕೈಗೇ ಹೋಗುತ್ತದೆ.

ಆ ಒಬ್ಬಳು ನಿನ್ನ ಸಿರಿಶಾ. ಧಾರವಾಡದ ಡಾಕ್ಟರ ಮಗಳಂತೆ, ಕೆಂಟನ್‌ನಲ್ಲಿ ಮನೆಯಂತೆ, ಅಮ್ಮನಿಗೆ ಎಲ್ಲ ವರದಿ ದೇವಸ್ಥಾನದಲ್ಲೇ ಸಿಕ್ಕಿದೆ. ಆಡುತ್ತಾಳೆ ಅಣ್ಣಾ, ಚೆನ್ನಾಗಿಯೇ ಆಡುತ್ತಾಳೆ, ಬರೆಯುವಾಗ ಹೊಟ್ಟೆ ಉರಿಯುತ್ತಿದೆ. ಅವಳ ತಪ್ಪು ಹುಡುಕಲೆಂದೇ ಕೂತಿದ್ದೆ. ಎಡಗೈ ನೋಡಿದೆ, ಪಳಗಿದೆ. ಭುಜ ಬಲಕ್ಕೆ ತೋರಿಸಿ ಎಡಕ್ಕೆ ನುಗ್ಗುವುದು ನೋಡಿದೆ. ಅದು ನನ್ನದಲ್ಲವಾ? ಹೋಟೆಲಿನ ಹಿತ್ತಲಲ್ಲಿ, ಗ್ಯಾಸ್ ಸಿಲಿಂಡರುಗಳ ಪಕ್ಕದ ಗೋಡೆಗೆ ನೀನು ಕಬ್ಬಿಣದ ಬಳೆ ಹೊಡೆದು ಬಲೆ ಕಟ್ಟಿದೆಯಲ್ಲ, ಅದರ ಕೆಳಗೆ ಚಳಿಗಾಲಪೂರ್ತಿ ನನ್ನ ಭುಜ ಹಿಡಿದು ತಿರುಗಿಸಿ ತಿರುಗಿಸಿ ಕಲಿಸಿದ್ದು ಅದೇ ಅಲ್ಲವಾ? ಆ ಹುಡುಗಿಗೆ ಎಷ್ಟು ದಿನದಲ್ಲಿ ಕಲಿಸಿಕೊಟ್ಟೆ? ನಮ್ಮ ಮನೆಗೆ ಬಂದು ಹೋಗಲು ನಿನಗೆ ಪುರುಸೊತ್ತಿಲ್ಲ, ಭಾನುವಾರವೂ ಅವರ ಪ್ರಾಕ್ಟೀಸ್. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಅಜ್ಜಿ ಹೇಳುತ್ತಿದ್ದದ್ದು ನಿನ್ನಂಥವರಿಗೇ ಇರಬೇಕು.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಡಿಸೆಂಬರಿನ ಪಂದ್ಯದ ವಿಡಿಯೊ ಯಾರೋ ನಿಮ್ಮ ಬೆಂಚಿನ ಹತ್ತಿರವೇ ಕೂತು ತೆಗೆದಿದ್ದಾರೆ, ನಿನ್ನ ದನಿ ಸ್ಪಷ್ಟವಾಗಿ ಕೇಳುತ್ತದೆ. ಸಿರಿಶಾ ಚೆಂಡು ಹಿಡಿದು ಸಿಕ್ಕಿಕೊಂಡಾಗ ನೀನು "ಮಗ್ಚ್! ಮಗ್ಚ್!" ಎಂದು ಕೂಗಿದೆ. ಅವಳು ಗಿರ್ರನೆ ತಿರುಗಿ ಹಾಕಿಯೇಬಿಟ್ಟಳು. ನಾನು ವಿಡಿಯೊ ನಿಲ್ಲಿಸಿ ಹಿಂದಕ್ಕೆ ಓಡಿಸಿ ಮತ್ತೆ ಕೇಳಿದೆ. ಮುಂದೆ "ಬಡ್ಸ್" ಬಂತು, ಅವಳು ಪಾಸ್ ಕೊಟ್ಟಳು. "ಎಲೆ ತೆಗಿ" ಬಂತು, ಬುಟ್ಟಿಯ ಕೆಳಗಿದ್ದ ಆ ಎತ್ತರದವಳು ತನ್ನನ್ನು ಕಾಯುತ್ತಿದ್ದವಳನ್ನೂ ಎಳೆದುಕೊಂಡು ಪಕ್ಕಕ್ಕೆ ಸರಿದಳು, ಜಾಗ ಖಾಲಿ. ಅಯ್ಯೋ ದೇವರೇ! ಅಪ್ಪ ಒಳಗೆ ಅಡುಗೆಯವರಿಗೆ ಕೂಗುತ್ತಿದ್ದ ಮಾತುಗಳನ್ನು ಕಿಟಕಿಯಿಂದ ಕೇಳಿಸಿಕೊಂಡು ನಾವಿಬ್ಬರೇ ಹೂಡಿದ ಸಂಚು ಅದು. ದೋಸೆ ಮಗುಚಿದ ಹಾಗೆ ತಿರುಗು, ಸಾರು ಬಡಿಸಿದ ಹಾಗೆ ಪಾಸ್ ಕೊಡು, ಉಂಡ ಎಲೆ ತೆಗೆದ ಹಾಗೆ ಜಾಗ ಬಿಡು. ಪಾರ್ಕಿನ ಹುಡುಗರಿಗೆ ತಲೆಬುಡ ತಿಳಿಯದೆ ನಾವು ಗೆಲ್ಲುತ್ತಿದ್ದದ್ದು ಅದರಿಂದಲೇ. ಅದನ್ನು ಎತ್ತಿ ಅವರಿಗೆಲ್ಲ ಹಂಚಿಬಿಟ್ಟೆಯಲ್ಲ! ಲಂಡನ್ನಿನಲ್ಲಿ ಇದು ಯಾರಿಗೆ ಅರ್ಥವಾಗುತ್ತದೆ ಎಂದು ನಿನ್ನ ಧೈರ್ಯ. ಎದುರು ಬೆಂಚಿನಲ್ಲಿ ತಂಗಿ ಇರುತ್ತಾಳೆ ಎನ್ನುವುದು ಒಂದು ಸಲವೂ ನೆನಪಾಗಲಿಲ್ಲವಾ?

ಸಾಲದ್ದಕ್ಕೆ ಅವರೆಲ್ಲ ನಿನ್ನನ್ನು ಕರೆಯುವುದು ಅಣ್ಣ ಎಂದು! ಸಿರಿಶಾ ಶುರು ಮಾಡಿದಳು ಎಂದು ಕಾಣುತ್ತದೆ, ಈಗ ಆ ಎತ್ತರದವಳೂ "ಅಣ್ಣಾ, ಅಣ್ಣಾ" ಎನ್ನುತ್ತಾಳೆ. ನನ್ನ ಪಕ್ಕ ಕೂತು ನೋಡುತ್ತಿದ್ದ ಗೆಳತಿ ಅದನ್ನು ಇಂಗ್ಲಿಷಿನ "ಅನ್ನಾ" ಎಂದು ಕೇಳಿಸಿಕೊಂಡು, ಇವರ ಕೋಚಿಗೆ ಯಾಕೆ ಹುಡುಗಿಯ ಹೆಸರು ಎಂದು ಕೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡೆ. ಹೊಟ್ಟೆಕಿಚ್ಚು ಎಂದು ನೀನು ನಗುತ್ತೀ. ಹೌದು, ಹೊಟ್ಟೆಕಿಚ್ಚೇ. ನನಗಿರುವುದು ಒಬ್ಬನೇ ಅಣ್ಣ, ಅವಳಿಗೆ ಮನೆಯಲ್ಲಿ ಇಬ್ಬರಿದ್ದಾರಂತೆ, ಅದೂ ಅಮ್ಮನ ವರದಿ.

ಶುಕ್ರವಾರ ಕೋಚ್ ಮುಂದೆ ನಾನು ನೋಡಿದ್ದೆಲ್ಲ ಒಪ್ಪಿಸಿದೆ. ಫ್ರೀ ಥ್ರೋ, ಎಡಗಡೆ, ಮೂರನೇ ಕ್ವಾರ್ಟರ್, ಎಲ್ಲ. ಅವರು ತಲೆಯಾಡಿಸಿದರು, ಅವರ ಲೆಕ್ಕದಲ್ಲಿ ಅದು ದೊಡ್ಡ ಹೊಗಳಿಕೆ. ಕೊನೆಗೆ, ಆ ಕೋಚ್ ಕೂಗುವುದು ಏನು ಎಂದು ಕೇಳಿದರು. ನಮ್ಮೂರ ಬೈಗುಳ, ಅರ್ಥ ಹೇಳುವ ಹಾಗಿಲ್ಲ ಎಂದೆ. ಬುಧವಾರ ಮೊದಲ ಐವರಲ್ಲಿ ನಾನಿದ್ದೇನೆ, ಸಿರಿಶಾಳನ್ನು ತಡೆಯುವುದು ನನ್ನ ಕೆಲಸ. ವರ್ಷವಿಡೀ ಬೆಂಚು ಬಿಸಿ ಮಾಡಿದ ಮೇಲೆ ಸಿಕ್ಕಿದ ಜಾಗ. ಅವಳು ನನ್ನನ್ನು ದಾಟಿ ಹೋದರೆ ಮತ್ತೆ ಬೆಂಚೇ ಗತಿ.

ಅಪ್ಪ ಅಮ್ಮ ಇಬ್ಬರೂ ಬರುತ್ತಾರೆ, ಹೋಟೆಲಿಗೆ ಅರ್ಧ ದಿನ ರಜೆ. ಕಷಾಯ ತಪ್ಪದೆ ಕುಡಿ, ರಾತ್ರಿ ಕಿವಿಗೆ ಮಫ್ಲರ್ ಸುತ್ತಿಕೋ. ನಿನ್ನ ಹುಡುಗಿಯರಿಗೆ ನನ್ನ ನಮಸ್ಕಾರ ಬೇಡ, ನಿನಗೆ ಮಾತ್ರ.

ಸಿಟ್ಟಿನಲ್ಲೇ, ನಿನ್ನ ತಂಗಿ
ತೃಷಾ

ಮತ್ತೆ: ಮಾಮ ಇವತ್ತೇ ಡಬ್ಬಿ ತೆಗೆದುಕೊಂಡು ಹೋಗಲು ಬಂದು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ನಮ್ಮ ಕೋಚಿಗೆ ಆ ಮೂರು ಮಾತಿನ ಅರ್ಥ ಹೇಳದೆ ಇದ್ದದ್ದು ನಿನ್ನ ಮೇಲಿನ ಕನಿಕರಕ್ಕಲ್ಲ. ಹೇಳಿದರೆ ಇನ್ನೂ ಐದು ಹುಡುಗಿಯರ ಬಾಯಿಗೆ ಅದು ಹೋಗುತ್ತಿತ್ತು. ಬುಧವಾರಕ್ಕೆ ಮುಂಚೆ ಅವರಿಗೆ ಬೇರೆ ಯಾವುದಾದರೂ ಮಾತು ಕೊಡು, ಇಂಗ್ಲಿಷಿನಲ್ಲಿ ಬೇಕಾದಷ್ಟಿದೆ. ಕೊಡದಿದ್ದರೆ ನಷ್ಟ ನಿನಗೇ. ನೀನು ಮಗ್ಚ್ ಎಂದರೆ ಸಾಕು, ಸಿರಿಶಾಳಿಗಿಂತ ಮೊದಲು ನನ್ನ ಕಾಲು ತಿರುಗುತ್ತದೆ, ಚೆಂಡು ನನ್ನ ಕೈಯಲ್ಲಿರುತ್ತದೆ. ನನಗೆ ಹಾಗೆ ಗೆಲ್ಲುವುದು ಬೇಡ. ಯಾರೇ ಗೆಲ್ಲಲಿ, ಆಟ ಮುಗಿದ ಮೇಲೆ ನಮ್ಮ ಜೊತೆ ಮನೆಗೆ ಬಾ. ಹಿತ್ತಲಿನ ಬಲೆ ಹರಿದಿದೆ, ಬಳೆ ಗಟ್ಟಿಯಾಗಿದೆ. ಅಲ್ಲಿ ನಿಂತು ಒಂದೇ ಒಂದು ಸಲ ನನಗೆ ಕೂಗು.