ಪರಿಪಾಠದಲ್ಲಿ ಭಾಗ್ಯಶ್ರೀಯ ಪಾಳಿ

ನನ್ನ ಮೊದಲ ಬಾಯಿಯವರಿಗೆ, ನಿಮ್ಮ ಮಹಾನಂದಾಳ ಶರಣು.

ಬಾಯಿ ಎಂದು ಕರೆಸಿಕೊಳ್ಳುತ್ತಿದ್ದ ಶಿಕ್ಷಕಿಯರನ್ನು ಈಗ ಎಲ್ಲರೂ ಮ್ಯಾಡಮ್ ಅನ್ನುತ್ತಾರೆ, ಬಾಯಿ. ಕಚೇರಿಯ ಕಾಗದಗಳಲ್ಲಿ ನಾನೂ ಮ್ಯಾಡಮ್. ಒಂದನೇ ತರಗತಿಯ ಮಕ್ಕಳು ಮಾತ್ರ ಇನ್ನೂ ಬಾಯಿ ಎಂದೇ ಕೂಗುತ್ತವೆ. ಹಾಗೆ ಕೂಗಿದಾಗಲೆಲ್ಲ ನಾನು ಒಮ್ಮೆ ಹಿಂದೆ ತಿರುಗಿ ನೋಡುತ್ತೇನೆ, ನಿಮ್ಮನ್ನೇ ಕರೆದರೇನೋ ಅನ್ನುವ ಹಾಗೆ. ಉದಗೀರದಲ್ಲಿ ನಿಮ್ಮ ತಂಗಿಯ ಮನೆಯಲ್ಲಿ ನೀವು ತೀರಿಕೊಂಡ ಸುದ್ದಿ ನನಗೆ ಮೊಬೈಲಿನ ಗುಂಪಿನಲ್ಲಿ ತಿಳಿಯಿತು. ಅದರ ಮೇಲೂ ಕೆಳಗೂ ಶಾಲೆಯ ಫೋಟೋಗಳಿದ್ದವು. ಅಂದಿನಿಂದ ನಿಮಗೆ ಏನೋ ಹೇಳಬೇಕು ಅನ್ನಿಸುತ್ತಲೇ ಇತ್ತು, ಏನು ಎಂದು ಗೊತ್ತಿರಲಿಲ್ಲ. ಹೋದ ಶನಿವಾರ ಗೊತ್ತಾಯಿತು.

ಉಮರ್ಗಾ ಕಡೆಯ ಬಸ್ಸಿನಿಂದ ನೀವು ಇಳಿಯುತ್ತಿದ್ದುದು ಕಣ್ಣ ಮುಂದೆಯೇ ಇದೆ. ಕಾಸಾರಶಿರಸಿ ದಾಟಿದ ಮೇಲೆ ಬರುವ, ನಮ್ಮೂರಿಗೆ ದಾರಿ ಒಡೆಯುವ ಫಾಟಾದಲ್ಲಿ ಬಸ್ಸು ಪೂರ್ತಿ ನಿಲ್ಲುತ್ತಲೂ ಇರಲಿಲ್ಲ, ನೀವು ಸೀರೆಯ ನಿರಿಗೆ ಹಿಡಿದು ಟಣ್ಣನೆ ಇಳಿಯುತ್ತಿದ್ದಿರಿ. ನಿಮ್ಮ ಕೈಚೀಲ ಹಿಡಿಯಲು ನಮ್ಮಲ್ಲಿ ಜಗಳ. ಸಾಸ್ತೂರಿನ ಮರಾಠಿ ಮನೆಯ ಹೆಣ್ಣುಮಗಳು ನೀವು. ನಾವೋ ಮನೆಯಲ್ಲಿ ಕನ್ನಡ ಬಿಟ್ಟು ಬೇರೇನೂ ಕೇಳದವರು. ಊರು ಮಹಾರಾಷ್ಟ್ರದ ಗಡಿಯೊಳಗಿನದು, ಶಾಲೆ ಮರಾಠಿಯದು, ಪುಸ್ತಕ ಮರಾಠಿಯದು. ನಮ್ಮನ್ನು ಕಂಡು ನಿಮಗೆ ಹೆದರಿಕೆಯಾಗಲಿಲ್ಲವೇ ಬಾಯಿ?

ಅಪ್ಪನ ಅಪ್ಪ, ನಮ್ಮ ಮುತ್ಯಾ, ನನ್ನ ಹೆಸರು ಹಚ್ಚಲು ಶಾಲೆಗೆ ಬಂದ ದಿನವನ್ನು ಊರವರು ಇವತ್ತಿಗೂ ಹೇಳಿ ನಗುತ್ತಾರೆ. ನೀವು ಕನ್ನಡ ಕಲಿತದ್ದು ಒಂದನೇ ತರಗತಿಯ ಮಕ್ಕಳಿಂದ. ಅವರು ತಮ್ಮತಮ್ಮೊಳಗೆ ಆಡಿದ್ದೇ ನಿಮ್ಮ ಕನ್ನಡ. ಹೊಲ, ಬಾವಿ, ರುಮಾಲು ಎಲ್ಲ ಇದ್ದ ನಮ್ಮ ಮುತ್ಯಾನ ಎದುರು ಊರಿನ ಗಂಡಸರೇ ತಗ್ಗಿ ಮಾತಾಡುತ್ತಿದ್ದರು. ನೀವು ಬಾಗಿಲಿಗೇ ಬಂದು, "ಏ ಮುತ್ಯಾ, ಚಪ್ಪಲ್ ಅಲ್ಲೇ ಬಿಡು. ಬಾ, ಕುಂದ್ರು. ಗದ್ಲಾ ಮಾಡಬ್ಯಾಡ" ಅಂದಿರಿ. ಮುತ್ಯಾ ಚಪ್ಪಲಿ ಬಿಟ್ಟು ಬಂದು ಗೋಣಿತಟ್ಟಿನ ಮೇಲೆ ನನ್ನ ಪಕ್ಕದಲ್ಲೇ ಕುಳಿತ. ಮನೆಗೆ ಬಂದವನೇ ಅಜ್ಜಿಗೆ, "ಆ ಬಾಯಿ ನನಗ ಒಂದನೇ ಇಯತ್ತಾದಾಗ ಕೂಡಿಸ್ಯಾಳ, ನೋಡು" ಅಂದ. ಮರುವಾರವೇ ನಮ್ಮ ಮನೆಯಿಂದ ನಿಮಗೆ ಮಜ್ಜಿಗೆ ಬರತೊಡಗಿತು.

ಸೋಮವಾರ ಬಂತೆಂದರೆ ನಾವು ಮನೆಯಿಂದ ಏನಾದರೊಂದು ಎತ್ತಿಕೊಂಡು ಬರಬೇಕಿತ್ತು, ನೆನಪಿದೆಯಾ? ಒಬ್ಬ ಸವುಟು ತಂದ, ಒಬ್ಬಳು ಜೋಳದ ತೆನೆ ತಂದಳು, ಇನ್ನೊಬ್ಬ ಮಹಾಶೂರ ಅಪ್ಪನ ಅಡಕತ್ತನ್ನೇ ಕದ್ದು ತಂದ. ಎಲ್ಲವನ್ನೂ ನೆಲದ ಮೇಲೆ ಹರವಿ ನೀವು ಮೊದಲು ನಮ್ಮನ್ನು ಕೇಳುತ್ತಿದ್ದಿರಿ. ನಾವು ಕನ್ನಡದಲ್ಲಿ ಹೇಳಿದ ಮೇಲೆ ನೀವು ಮರಾಠಿಯಲ್ಲಿ ಹೇಳುತ್ತಿದ್ದಿರಿ. ವಾರವಿಡೀ ಪಾಠವೆಲ್ಲ ಆ ಸಾಮಾನಿನ ಮೇಲೆಯೇ. ಅದರಲ್ಲೇ ಎಣಿಕೆ, ಅದರಲ್ಲೇ ಹೆಚ್ಚು ಕಡಿಮೆ, ಅದರದೇ ಚಿತ್ರ. ಬುಧವಾರ ಹೊಲದ ಬದುವಿಗೆ ಹೋಗಿ ಎಲೆ ಆರಿಸುವುದು. ಬಿಸಿಯೂಟದ ಖಿಚಡಿಯ ವಾಸನೆ ಬರುವ ಹೊತ್ತಿಗೆ ಯಾರ ತಲೆಗೂ ಏನೂ ಹೋಗುವುದಿಲ್ಲ ಎಂದು ಆ ಹೊತ್ತನ್ನು ಹಾಡಿಗೆ ಬಿಟ್ಟಿದ್ದಿರಿ. ಈಗ ನನ್ನ ತರಗತಿಯಲ್ಲೂ ಅದು ಹಾಡಿನ ಹೊತ್ತೇ. ತರಬೇತಿಯಲ್ಲಿ ಇದಕ್ಕೆ ದೊಡ್ಡದೊಂದು ಹೆಸರು ಹೇಳಿದರು, ನನಗೆ ನಗು ಬಂತು.

ನನ್ನ ಪಾಳಿ ಬಂದ ಶನಿವಾರವನ್ನು ನಾನು ಮರೆಯುವುದು ಸಾಧ್ಯವೇ? ಶನಿವಾರ ಮುಂಜಾನೆಯ ಶಾಲೆ, ಹೆಗಲಿಗೆ ಪುಸ್ತಕದ ದಪ್ತರವಿಲ್ಲ. ದಿನಾ ಪಾಠಕ್ಕಿಂತ ಮೊದಲು ಅಂಗಳದಲ್ಲಿ ನಡೆಯುವ ಪರಿಪಾಠದಲ್ಲಿ ಪ್ರಾರ್ಥನೆ, ಪ್ರತಿಜ್ಞೆ ಮುಗಿದ ಮೇಲೆ ಒಂದು ಮಗು ಮುಂದೆ ನಿಂತು ಸುದ್ದಿ ಹೇಳಬೇಕು. ಬೇರೆ ದಿನ ದೊಡ್ಡವರು ಪೇಪರಿನ ಸುದ್ದಿ ಓದುತ್ತಿದ್ದರು. ಶನಿವಾರ ಒಂದನೇ ತರಗತಿಯವರದು, ಆದ್ದರಿಂದ ಮನೆಯ ಸುದ್ದಿ. ಸಾಲಿನಲ್ಲಿ ಕುಳಿತ ಕ್ರಮದಲ್ಲೇ ಪಾಳಿ. ಯಾರ ಪಾಳಿಯನ್ನೂ ನೀವು ದಾಟಿಸುತ್ತಿರಲಿಲ್ಲ. ಹೇಳಲು ಬಾರದಿದ್ದರೆ ಇಡೀ ಶಾಲೆ ಸುಮ್ಮನೆ ನಿಲ್ಲಬೇಕು, ಅಷ್ಟೇ. ನಾನು ಲಂಗದ ಅಂಚು ಹಿಂಡುತ್ತ ನಿಂತೆ. ಬಿಸಿಲು ಏರಿತು. ನೀವು ಬಾ ಅನ್ನಲಿಲ್ಲ, ಹೇಳು ಅನ್ನಲಿಲ್ಲ, ಗದರಲೂ ಇಲ್ಲ. ಕೊನೆಗೆ ನಾನು, "ನಮ್ಮ ಎಮ್ಮಿ ಈದದ" ಅಂದೆ. ಸಾಕ್ಷಾತ್ ದಿಲ್ಲಿಯ ಸುದ್ದಿ ಬಂದಂತೆ ನೀವು ಎಲ್ಲರ ಕಡೆ ತಿರುಗಿ, "ಮಹಾನಂದಾಚೀ ಮ್ಹೈಸ ವ್ಯಾಲೀ" ಎಂದು ಅದನ್ನೇ ಮರಾಠಿಯಲ್ಲಿ ಸಾರಿದಿರಿ. ಆಮೇಲೆ ಸುದ್ದಿ ಫಲಕದ ಮೇಲೆ ಬರೆದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಮಾತು ಬೋರ್ಡಿನ ಮೇಲೆ ಹೋಗುವಂಥದ್ದು ಎಂದು ನನಗೆ ಅಂದು ಗೊತ್ತಾಯಿತು.

ನಾನು ಡಿ.ಎಡ್. ಮುಗಿಸಿ ಕೆಲಸಕ್ಕೆ ಸೇರುವ ಮೊದಲು ನಿಮ್ಮ ಕಾಲು ಮುಟ್ಟಲು ಬಂದಾಗ ಕೇಳಿದ್ದೆನಲ್ಲ, ಅಷ್ಟು ಹೊತ್ತು ಕಾಯುವುದನ್ನು ಎಲ್ಲಿ ಕಲಿತಿರಿ ಎಂದು. ಭೂಕಂಪದಲ್ಲಿ ಊರು ಬಿದ್ದ ಮೇಲೆ ಸಾಸ್ತೂರಿನ ತಗಡಿನ ಶೆಡ್ಡಿನ ಶಾಲೆಯಲ್ಲಿ ನಿಮಗೆ ಮೊದಲು ಸಿಕ್ಕ ಮಕ್ಕಳ ಮಾತು ಹೇಳಿದಿರಿ. "ಯಾರೂ ಮಾತೇ ಆಡತಿದ್ದಿಲ್ಲ, ಮಹಾನಂದಾ. ನನಗೂ ಏನ್ ಕಲಿಸಬೇಕು ಗೊತ್ತಿದ್ದಿಲ್ಲ. ದಿನಾ ಒಬ್ಬೊಬ್ಬರಿಗಿ ಮುಂದ ನಿಲ್ಲಸ್ತಿದ್ದೆ, ನಾನೂ ಬಾಜೂಕ ನಿಲ್ತಿದ್ದೆ. ಒಂದಿನ ಒಬ್ಬ ಹುಡುಗ ಇವತ್ತ ಮಳಿ ಬರ್ತದ ಅಂದ. ಅಷ್ಟೇ. ಅವತ್ತಿಂದ ನಾ ಯಾರ ಪಾಳಿನೂ ಬಿಟ್ಟಿಲ್ಲ." ಅದನ್ನು ಹೇಳಿ ನೀವು ಎದ್ದು ಚಹಾ ಇಡಲು ಹೋದಿರಿ.

ನಾನೀಗ ಕಲಿಸುವ ಊರಿನಲ್ಲಿ ಎಲ್ಲರದೂ ಮರಾಠಿ; ಈ ವರ್ಷ ಇಲ್ಲಿ ನನ್ನ ತರಗತಿಗೆ ಬಂದ ಭಾಗ್ಯಶ್ರೀಯನ್ನು ನೀವು ನೋಡಬೇಕಿತ್ತು. ಎರಡು ಜಡೆ, ದೊಡ್ಡ ಕಣ್ಣು, ತುಟಿಗೆ ಬೀಗ. ಗಡಿಯಾಚೆ ಭಾಲ್ಕಿ ಕಡೆಯವರು. ಅಪ್ಪನಿಗೆ ಇಲ್ಲಿ ಬೀಜದ ಅಂಗಡಿಯಲ್ಲಿ ಕೆಲಸ ಸಿಕ್ಕಿತೆಂದು ಬಂದಿದ್ದಾರೆ. ಹೇಳಿದ್ದೆಲ್ಲ ಮಾಡುತ್ತಾಳೆ, ಬರೆ ಅಂದರೆ ಬರೆಯುತ್ತಾಳೆ, ಮಾತು ಮಾತ್ರ ಇಲ್ಲ. ಮರಾಠಿ ಬಿಡಿ, ನನ್ನೊಡನೆ ಕನ್ನಡದಲ್ಲೂ ಇಲ್ಲ. ನಾನು ಹಾಡಿಸಿದೆ, ಆಡಿಸಿದೆ, ಸೋಮವಾರದ ಸಾಮಾನು ಹರವಿದೆ. ಅವಳು ನನ್ನ ಮುಖ ನೋಡುತ್ತ ಕುಳಿತಿರುತ್ತಾಳೆ, ಬೇರೆ ಮಕ್ಕಳ ಮಾತಿಗೆ ನಾನು ಕಾದು ನಿಂತಾಗಲೂ. ಸಾಲಿನ ಪ್ರಕಾರ ಹೋದ ಶನಿವಾರ ಪರಿಪಾಠದಲ್ಲಿ ಅವಳದೇ ಪಾಳಿ.

ಅದಕ್ಕೆ ಕೆಲ ದಿನ ಮೊದಲು ಅವಳ ಅವ್ವ ಸುವರ್ಣಾ ಶಾಲೆಯ ಗೇಟಿನ ಬಳಿ ಬಂದು ನಿಂತಿದ್ದಳು. ಒಳಗೆ ಬಾ ಅಂದರೂ ಬರಲಿಲ್ಲ. ಅವಳಿಗೂ ಇಲ್ಲಿಯ ಮಾತು ಬಾರದು. "ಬಾಯೇರೆ, ಆಕಿಗಿ ಮುಂದ ನಿಲ್ಲಸಬ್ಯಾಡ್ರಿ. ಎಲ್ಲಾರೂ ನಗ್ತಾರ. ದೀಪಾವಳಿ ಆದಮ್ಯಾಲ ಆಕಿಗಿ ಭಾಲ್ಕಿಗಿ ನಮ್ಮ ಅವ್ವನ ಬಲ್ಲಿ ಕಳಸ್ತೀವ್ರಿ. ಅಲ್ಲಿ ಕನ್ನಡ ಸಾಲಿ ಅದ" ಅಂದಳು. ನೀ ಇಲ್ಲಿ, ಕೂಸು ಅಲ್ಲಿ? ಎಂದು ಕೇಳಿದೆ. ಸೆರಗು ಬಾಯಿಗೆ ಹಿಡಿದು, "ಮತ್ತೇನ್ ಮಾಡ್ಲ್ಯಾಕ ಬರ್ತದ್ರಿ, ನಾನೂ ಇಲ್ಲಿ ಮೂಕಿನೇ" ಅಂದಳು. ಆರು ತುಂಬಿದ ಮಗುವನ್ನು ತಾಯಿಯಿಂದ ಬಿಡಿಸಿ ಕಳಿಸುವುದಕ್ಕೆ ನನ್ನ ತರಗತಿಯೇ ಕಾರಣವಾಗುತ್ತದಲ್ಲ ಎಂದು ನನಗೆ ಅನ್ನ ಸೇರಲಿಲ್ಲ.

ನಮ್ಮ ಮುಖ್ಯಾಧ್ಯಾಪಕರು ಲಾತೂರಿನ ಆಚೆಯವರು, ಕೆಟ್ಟವರಲ್ಲ. ಆದರೆ ಈಗ ಶನಿವಾರದ ಚಟುವಟಿಕೆಯ ವಿಡಿಯೊ ಮೇಲಿನವರಿಗೆ ಹೋಗಬೇಕು. ಮೂಕವಾಗಿ ನಿಂತ ಹುಡುಗಿಯ ವಿಡಿಯೊ ಯಾರಿಗೆ ಬೇಕು? ಶುಕ್ರವಾರ ಸಂಜೆ ಅವರು, "ಮ್ಯಾಡಮ್, ಉದ್ಯಾ ತಿಲಾ ಸೋಡಾ" ಎಂದರು, ನಾಳೆ ಅವಳನ್ನು ಬಿಡಿ ಎಂದು. ಅವಳ ಹಿಂದಿನ ಹುಡುಗ ಸುದ್ದಿಯನ್ನು ಬಾಯಿಪಾಠ ಮಾಡಿಕೊಂಡು ತಯಾರಾಗಿದ್ದ. ನನಗೆ ಸಿಟ್ಟು ಬಂತು. ಒಮ್ಮೆ ದಾಟಿಸಿದರೆ, ತನ್ನನ್ನು ದಾಟಿಸಬಹುದು ಎಂಬುದನ್ನು ಆ ಕೂಸು ಜನ್ಮವಿಡೀ ಮರೆಯುವುದಿಲ್ಲ ಸರ್, ಎಂದೆ. ಅವರು ಫೋನು ಕಿಸೆಗೆ ಹಾಕಿಕೊಂಡು ಎದ್ದು ಹೋದರು. ಒಪ್ಪಿದರೋ ಬೇಸತ್ತರೋ ತಿಳಿಯಲಿಲ್ಲ.

ಶನಿವಾರ ಪ್ರತಿಜ್ಞೆ ಮುಗಿಯಿತು. ನಾನು ಭಾಗ್ಯಶ್ರೀಯ ಹೆಸರು ಕೂಗಿದೆ. ಬಂದು ನಿಂತಳು. ಸರ್ ಮೊಬೈಲ್ ಎತ್ತಿ ಹಿಡಿದರು. ಮಕ್ಕಳು ಮೊದಲು ಸುಮ್ಮನಿದ್ದವು, ಆಮೇಲೆ ಕಾಲು ಬದಲಿಸಿದವು, ಆಮೇಲೆ ಒಂದೆರಡು ಕಿಸಕ್ಕೆಂದವು. ನೀವು ಹೇಗೆ ನಿಲ್ಲುತ್ತಿದ್ದಿರಿ ಬಾಯಿ? ಹೇಳು ಪುಟ್ಟಾ ಅನ್ನಲು ನನ್ನ ನಾಲಿಗೆ ತುರಿಸುತ್ತಿತ್ತು, ಕಚ್ಚಿ ಹಿಡಿದೆ. ಕಂಪೌಂಡಿನ ಆಚೆ ಸುವರ್ಣಾಳ ಸೆರಗು ಕಾಣುತ್ತಿತ್ತು. ಮಗಳನ್ನು ಎಳೆದುಕೊಂಡು ಹೋಗಲೇ ಬಂದಿದ್ದಾಳೆ ಅಂದುಕೊಂಡೆ. ಸರ್ ಕೈ ಸೋತು ಮೊಬೈಲ್ ಇಳಿಸಿದರು.

"ನಿನ್ನಿ ನಮ್ಮವ್ವ ಗಿರಣ್ಯಾಗ ಜಗಳಾ ಆಡ್ಯಾಳ."

ಅಷ್ಟು ಸಣ್ಣ ದನಿಯನ್ನು ನಾನು ಕೇಳಿದ್ದು ನಿಜವೋ ಸುಳ್ಳೋ ಎಂದು ನೋಡುವಷ್ಟರಲ್ಲಿ ಮುಂದಿನದು ಬಂತು. "ದಿನಾ ಎಲ್ಲಾರೂ ನಮ್ಮ ಜೋಳದ ಡಬ್ಬಿ ಹಿಂದ ಸರಸ್ತಿದ್ರು. ಅವ್ವ ಏನೂ ಅಂತಿದ್ದಿಲ್ಲ. ನಿನ್ನಿ ಅವ್ವ ಅಂದಳು..." ಇಲ್ಲಿ ನಿಂತು ಉಸಿರು ಎಳೆದುಕೊಂಡಳು. ಆಮೇಲೆ ಅಂಗಳದ ತುಂಬ ಕೇಳುವ ಹಾಗೆ, ಚೊಕ್ಕ ಮರಾಠಿಯಲ್ಲಿ, "ಮಾಝಾ ನಂಬರ ಆಹೇ. ಆಧೀ ಮಾಝಂ ದಳಾ." ನನ್ನ ಪಾಳಿ ಇದೆ, ಮೊದಲು ನನ್ನದು ಬೀಸಿ. "ಆಮ್ಯಾಲ ನಮ್ದು ಬೀಸಿ ಕೊಟ್ಟಾರ" ಎಂದು ಮುಗಿಸಿ ತನ್ನ ಜಾಗಕ್ಕೆ ಹೋಗಿ ನಿಂತಳು.

ಮರಾಠಿಗೆ ತಿರುಗಿಸುವ ಕೆಲಸವನ್ನು ಅವಳು ನನಗೆ ಉಳಿಸಿರಲಿಲ್ಲ. ವಿಡಿಯೊ ಆಗಿರಲಿಲ್ಲ. ಸರ್ ಒಂದು ಗಳಿಗೆ ಮೊಬೈಲನ್ನೇ ನೋಡಿದರು, ಆಮೇಲೆ ಸೀಮೆಸುಣ್ಣದ ಖಡು ತೆಗೆದುಕೊಂಡು ಅವಳ ಆ ಮರಾಠಿ ಮಾತನ್ನು ಸುದ್ದಿ ಫಲಕದ ಮೇಲೆ ತಾವೇ ಬರೆದರು. ನಾನು ಅಳುವುದನ್ನು ಮಕ್ಕಳು ನೋಡಬಾರದೆಂದು ಗೇಟಿನ ಕಡೆ ನಡೆದೆ.

ಸುವರ್ಣಾ ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ. "ಭಾಲ್ಕಿಗಿ ಕಳಸಲ್ರಿ ಬಾಯೇರೆ" ಅಂದಳು. ಅಷ್ಟು ಮರಾಠಿ ನಿನಗೆ ಯಾರು ಕಲಿಸಿದರು ತಾಯಿ ಎಂದು ಕೇಳಿದೆ.

"ಈಕಿನೇ ಕಲಿಸ್ಯಾಳ್ರಿ. ದಿನಾ ಸಂಜಿಕಿ ಸಾಲಿ ಸಾಲಿ ಆಟ. ನನಗ ಗ್ವಾಡಿಗಿ ಹಚ್ಚಿ ನಿಲ್ಲಸ್ತಾಳ. ನಾ ಹೇಳಲಿಲ್ಲಂದ್ರ ಬೈಯೂದಿಲ್ರಿ, ಏನಿಲ್ಲ. ಎದುರಿಗಿ ಸುಮ್ಮ ನಿಂತಿರ್ತಾಳ. ರೊಟ್ಟಿ ಹೊತ್ತಾದ್ರೂ ಬಿಡಲ್ಲ, ನಾ ಹೇಳೋತನಕಾ ನಿಂತೇ ಇರ್ತಾಳ."

ಬಾಯಿ, ಆ ಹುಡುಗಿ ನಿಮ್ಮನ್ನು ಒಮ್ಮೆಯೂ ನೋಡಿಲ್ಲ.

ನಿಮ್ಮ
ಮಹಾನಂದಾ