ಗೂಳಪ್ಪ ಕಾಕಾನ ಹೆಸರು

ಶಲವಡಿ
25 ಆಗಸ್ಟ್ 2025, ಸೋಮವಾರ

ಅಪರಾಧಶಾಸ್ತ್ರದ ಪಿಎಚ್‌ಡಿಗೆ ಅರ್ಜಿ ಹಾಕಲು ನಾಳೆಯೇ ಕೊನೆಯ ದಿನ. ಈ ವಿಷಯವನ್ನೇ ಏಕೆ ಆರಿಸಿಕೊಂಡಿರಿ ಎಂಬ ಪ್ರಶ್ನೆಗೆ ಮೂರು ಸಲ ಉತ್ತರ ಬರೆದು ಅಳಿಸಿದ್ದೆ. ನಿಜವಾದ ಉತ್ತರ ಗೂಳಪ್ಪ ಕಾಕಾ. ಮಾಡದ ಕಳವಿಗೆ ನಾಲ್ಕು ವರ್ಷ ವಿಚಾರಣಾ ಕೈದಿಯಾಗಿ ಜೈಲಿನಲ್ಲಿದ್ದ. ಆಮೇಲೆ ನಿರ್ದೋಷಿ ಎಂದು ಬಿಟ್ಟರು. ಅಷ್ಟರಲ್ಲಿ ಅವನ ಕುರಿಗಳೂ ಇರಲಿಲ್ಲ, ಗೊತ್ತಾಗಿದ್ದ ಮದುವೆಯೂ ಉಳಿದಿರಲಿಲ್ಲ.

ಸಂಜೆ ಅವನು ಅಂಗಳದಲ್ಲಿ ಕುಡಗೋಲು ಮಸೆಯುತ್ತಿದ್ದ.

"ಕಾಕಾ, ಅರ್ಜಿಯೊಳಗ ನಿನ್ನ ಸುದ್ದಿ ಬರೀತೇನಿ. ಹೆಸರು ಬದಲ್ ಮಾಡ್ಲೇನು?" ಎಂದು ಕೇಳಿದೆ.

ಅವನು ತಲೆ ಎತ್ತಲಿಲ್ಲ. "ಹಿಡಕೊಂಡು ಹೋದಾಗ ಪೇಪರಿನ್ಯಾಗ ಖರೇ ಹೆಸರು ಹಾಕಿದ್ರು. ಬಿಟ್ಟಾಗ ಯಾರೂ ಬರೀಲಿಲ್ಲ. ನೀನರ ಬರಿ ಬೇ. ಊರಿನ ಹೆಸರೂ ಹಾಕು."

ತೀರ್ಪು ಬಂದದ್ದು ಯಾವಾಗ ಎಂದು ಕೇಳಿದೆ. ತಾರೀಖು, ವಾರ, ಹೊತ್ತು ಎಲ್ಲವನ್ನೂ ಯೋಚಿಸದೆ ಹೇಳಿದ.

ಹಾಗೆಯೇ ಬರೆದು ಅರ್ಜಿ ಕಳಿಸಿದೆ. ಸೀಟು ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಎಂ.ಎ. ಓದುವಾಗ ಎಷ್ಟೋ ಜನರ ತೀರ್ಪುಗಳನ್ನು ಬಾಯಿಪಾಠ ಮಾಡಿದ್ದೇನೆ. ಅವನ ಅಣ್ಣನ ಮಗಳು ನಾನು, ಒಂದೇ ಮನೆಯಲ್ಲಿದ್ದು ಈ ತಾರೀಖನ್ನು ಇವತ್ತಿನವರೆಗೂ ಕೇಳಿರಲಿಲ್ಲ.